ಧೂಳಮ್ಮನ ಕಚ್ಚಾ ಫೋಟೋ

ನಾಗನಾಥ ಆ ದಿನ ಮಾಡಿದ ಪ್ರತಿಜ್ಞೆಗೆ ಹುಮನಾಬಾದ ಬಸ್ ಸ್ಟ್ಯಾಂಡಿನ ಪಾರಿವಾಳಗಳೂ ಬೆಚ್ಚಿ ಹಾರಿರಬೇಕು! ಹೈದರಾಬಾದಿನಿಂದ ಹೊಸ ಡಿಜಿಟಲ್ ಕ್ಯಾಮೆರಾ ತಂದು ತನ್ನ ಫೋಟೋ ಸ್ಟುಡಿಯೋದ ಮೇಜಿನ ಮೇಲಿಟ್ಟವನೇ ಹೆಂಡತಿ ಭುವನೇಶ್ವರಿಯ ಮುಂದೆ ಎದೆಯುಬ್ಬಿಸಿ ಸಾರಿದ:

“ಇನ್ನ ಮ್ಯಾಲೆ ಈ ನಾಗನಾಥ ಕಚ್ಚಾ ಫೈಲ್ ಬಿಟ್ಟು ಬ್ಯಾರೆ ಏನೂ ತೆಗ್ಯಂಗಿಲ್ಲ!”

“ಕಚ್ಚಾ ಯಾಕ್ರಿ? ಬೆಂದದ್ದು ಸಿಗಲಿಲ್ಲೇನು?”

“ನಿನಗ ತಿಳ್ಯಾಂಗಿಲ್ಲ. ಮಾಮೂಲಿ ಫೋಟೋ ಅಂದ್ರ ಕ್ಯಾಮೆರಾನೇ ಅಡಿಗಿ ಮಾಡಿ ಬಡಸ್ತದ. ಕಚ್ಚಾ ಫೈಲಿನಾಗ ಬೆಳಕು ಹ್ಯಾಂಗ ಬಿತ್ತೋ ಹಂಗೇ ಇರ್ತದ. ಕಂಪ್ಯೂಟರಿನಾಗ ನಾವೇ ಅಡಿಗಿ ಮಾಡ್ಕೋಬೇಕು.”

“ನಿಮ್ಮ ಅಡಿಗಿ ನಾ ಕಂಡೇನಿ ಬಿಡ್ರಿ.”

ಇಂಥ ಮಹಾಯಜ್ಞದ ಮೊದಲ ಫೋಟೋಕ್ಕೆ ಆರಿಸಿದ್ದು ಹುಡಗಿ ಗ್ರಾಮದ ಅತ್ತೆ ಧೂಳಮ್ಮನನ್ನು. ಅರವತ್ತೈದು ವರ್ಷಗಳಲ್ಲಿ ಕ್ಯಾಮೆರಾ ಕಂಡರೆ ಸಾಕು, ಸೆರಗು ಎಳೆದುಕೊಳ್ಳುತ್ತಿದ್ದ ಹೆಂಗಸು. ರೇಷನ್ ಕಾರ್ಡಿನ ಚಿತ್ರದಲ್ಲಿ ಅವಳ ಮೂಗಿನ ತುದಿ ಮಾತ್ರ ಇತ್ತು! ತೊಗರಿಬೇಳೆ ಹಸನು ಮಾಡುತ್ತ ಹೊಸ್ತಿಲಲ್ಲಿ ಕುಳಿತವಳು ಅಳಿಯನ ಕಾಟ ತಾಳದೆ ಒಮ್ಮೆ ತಲೆಯೆತ್ತಿದಳು. ಅಷ್ಟೇ, ಕ್ಲಿಕ್! ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ತನ್ನ ಮುಖ ನೋಡಿ ಅವಳಿಗೇ ಅಚ್ಚರಿ.

“ಅಯ್ಯ, ಚಂದ ಅದೀನಲ್ಲೋ! ಜಲ್ದಿ ದೊಡ್ಡದು ಮಾಡಿ ತಾ.”

“ಎಂಟು ದಿನದಾಗ ತರ್ತೀನಿ ಅತ್ತಿ!”

ಸ್ಟುಡಿಯೋಗೆ ಬಂದು ಕಂಪ್ಯೂಟರಿಗೆ ಹಾಕಿದರೆ, ಏಳು ವರ್ಷದ ಹಿಂದಿನ ಫೋಟೋ ಸಾಫ್ಟ್‌ವೇರ್ ಧೂಳಮ್ಮನ ಗುರುತೇ ಇಲ್ಲವೆಂದಿತು. ನಾಗನಾಥ ಫೈಲಿನ ಹೆಸರು ಬದಲಿಸಿದ. ಗುರುತಿಲ್ಲ. ಹೆಸರಿನ ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಿದ. ಗುರುತಿಲ್ಲ! ಕ್ಯಾಮೆರಾದ ಜೊತೆ ಬಂದ ಸಿಡಿ ಹಾಕಿದರೆ, ಕಂಪ್ಯೂಟರು ತನಗೆ ವಯಸ್ಸಾಯಿತು, ಇದೆಲ್ಲ ಕೈಲಾಗದು ಎಂಬರ್ಥದ ಇಂಗ್ಲಿಷ್ ವಾಕ್ಯ ಬರೆದು ಸುಮ್ಮನಾಯಿತು.

ಹೆಂಡತಿಗೆ ಹೇಳಬಹುದಿತ್ತು. ಆದರೆ ಉಬ್ಬಿದ ಎದೆಯನ್ನು ಇಳಿಸುವುದು ಅಷ್ಟು ಸುಲಭವೇ?

“ಅವ್ವ ಕೇಳಾಕತ್ತಾಳ. ಫೋಟೋ ಎಲ್ಲಿಗೆ ಬಂತು?”

“ಫಿನಿಶಿಂಗ್ ನಡದದ.”

ಮರುವಾರ ಫೋಟೋ ಲ್ಯಾಮಿನೇಷನ್ನಿಗೆಂದು ಹೈದರಾಬಾದಿಗೆ ಹೋಯಿತು. ಅದರ ಮರುವಾರ ಸಾಗವಾನಿ ಚೌಕಟ್ಟು ಹಾಕಿಸಿಕೊಂಡಿತು. ಸುಳ್ಳಿನಲ್ಲಿ ಬೆಳೆಯುತ್ತ ಬೆಳೆಯುತ್ತ ಅಂಗೈಯಷ್ಟಿದ್ದ ಫೋಟೋ ಬಾಗಿಲಿನಷ್ಟಾಯಿತು!

ಐದನೆಯ ವಾರ ಒಂದು ಬೆಳಿಗ್ಗೆ ಧೂಳಮ್ಮ ನೀರಿನ ಕೊಡ ಇಳಿಸಿ, ಗೋಡೆಗೆ ಒರಗಿ ಕುಳಿತಳು. ಮತ್ತೆ ಏಳಲಿಲ್ಲ.

ವಿಭೂತಿ ಹಚ್ಚಿ, ಹೂ ಮುಡಿಸಿ, ಕುಳ್ಳಿರಿಸಿದ್ದರು. ಕಡೆಯ ಫೋಟೋಕ್ಕೆ ಯಾರನ್ನಾದರೂ ಕರೆಸೋಣ ಎಂದರು ಊರವರು. ಭುವನೇಶ್ವರಿಯ ತಮ್ಮ ಬಕ್ಕಪ್ಪ ಕೈಯೆತ್ತಿ ತಡೆದ.

“ಈ ಸತ್ತ ಮಾರಿ ಫೋಟೋ ಯಾಕ ತೆಗೀಬೇಕ್ರಿ? ಜೀವ ಇದ್ದಾಗಿನ ಫೋಟೋ ನಮ್ಮ ಭಾವನೋರು ಬಾಗಲದಷ್ಟು ದೊಡ್ಡದು ಮಾಡ್ಸ್ಯಾರ!”

ಇಡೀ ಅಂಗಳ ನಾಗನಾಥನನ್ನು ಕೃತಜ್ಞತೆಯಿಂದ ನೋಡಿತು. ಆಗಲಾದರೂ ಬಾಯಿ ಬಿಡಬೇಕಿತ್ತು. ಅವನು ತಲೆಯಾಡಿಸಿಬಿಟ್ಟ. ಧೂಳಮ್ಮನನ್ನು ಹೊತ್ತು ಹೊರಟರು.

ಐದನೆಯ ದಿನ ಶಿವಗಣಾರಾಧನೆ, ಧೂಳಮ್ಮನ ಫೋಟೋ ಇಟ್ಟು ಪೂಜಿಸುವ ದಿನ. ಹಿಂದಿನ ದಿನ ನಸುಕಿಗೇ ನಾಗನಾಥ ಬಸವಕಲ್ಯಾಣದ ಬಸ್ಸು ಹಿಡಿದು, ಅಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯ ಗುರುಲಿಂಗನ ಮುಂದೆ ಕೈಮುಗಿದು ನಿಂತ.

“ನಿನ್ನ ಸಾಫ್ಟ್‌ವೇರ್ ಹುಟ್ಟಿದಾಗ ಈ ಕ್ಯಾಮೆರಾ ಹುಟ್ಟಿದ್ದೇ ಇಲ್ಲ,” ಎಂದ ಗುರುಲಿಂಗ. “ಸತ್ತ ಮುತ್ಯಾಗ ಮರಿಮಮ್ಮಗನ ಹೆಸರ ಹ್ಯಾಂಗ ಗೊತ್ತಾಗಬೇಕೋ?”

“ನಿನ್ನ ಕಂಪ್ಯೂಟರಿನಾಗ ತೆಗಿ ಮತ್ತ!”

“ನನ್ನ ಸಾಫ್ಟ್‌ವೇರೂ ಅದೇ ಹಳೇ ಸಿಡೀದು. ನಿನಗ ಕೊಟ್ಟಾಂವ ನಾನೇ ಅಲ್ಲೇನು!”

ಹಳೆಯ ಸಾಫ್ಟ್‌ವೇರಿಗೆ ತಿಳಿಯುವಂತೆ ಫೈಲನ್ನು ಬದಲಿಸಿಕೊಡುವ ಪ್ರೋಗ್ರಾಮೊಂದು ಇಂಟರ್ನೆಟ್ಟಿನಲ್ಲಿತ್ತು. ಇಳಿಸಲು ಕುಳಿತರು. ಎರಡು ಸಲ ಲೈನ್ ಕಡಿಯಿತು. ಮೂರನೆಯ ಸಲ ನೂರಕ್ಕೆ ತೊಂಬತ್ತು ಬಂದಾಗ ಕರೆಂಟು ಹೋಯಿತು. ಕಡೆಯ ಬಸ್ಸಿನ ಹೊತ್ತೂ ಆಯಿತು.

ಈಗ ಧೂಳಮ್ಮ ಉಳಿದಿದ್ದುದು ಒಂದೇ ಕಡೆ: ಕ್ಯಾಮೆರಾದ ಎರಡು ಬೆರಳಗಲದ ಪರದೆಯಲ್ಲಿ. ರಾತ್ರಿ ಸ್ಟುಡಿಯೋಗೆ ಮರಳಿದ ನಾಗನಾಥ ತನ್ನ ಹಳೆಯ ರೀಲಿನ ಕ್ಯಾಮೆರಾವನ್ನು ಅದರ ಎದುರಿಗೆ ಹಿಡಿದು, ಫೋಟೋದ ಫೋಟೋ ತೆಗೆದ! ಅವಸರದಲ್ಲಿ ತೊಳೆದು, ದೊಡ್ಡದು ಮಾಡಿ, ಒಣಗುವ ಮೊದಲೇ ಚೌಕಟ್ಟಿಗೆ ಹಾಕಿ, ಬಟ್ಟೆ ಸುತ್ತಿಕೊಂಡು ಹುಡಗಿ ಗ್ರಾಮಕ್ಕೆ ಓಡಿದ.

ಜನರೆಲ್ಲ ಕೂಡಿದ ಮೇಲೆ ಬಟ್ಟೆ ಸರಿಸಿದರು. ನೆರೆಮನೆಯ ಸುಮನಬಾಯಿ ಕಿರುಚಿದಳು.

“ಅಯ್ಯಯ್ಯೋ! ಧೂಳಮ್ಮನ ಗದ್ದದ ಮ್ಯಾಲೆ ಮೀಸಿ!”

ಪರದೆಯ ಗಾಜು ಕನ್ನಡಿಯಾಗಿತ್ತು. ಅತ್ತೆಯ ಮುಖದೊಳಗೆ, ಒಂದು ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡ ಅಳಿಯ, ಮೀಸೆ ಸಮೇತ, ದೆವ್ವದಂತೆ ತೇಲುತ್ತಿದ್ದ! ಮೂಲೆಯಲ್ಲಿ ಬ್ಯಾಟರಿ ಮುಗಿಯುತ್ತಿದೆ ಎನ್ನುವ ಗುರುತು ಬೇರೆ.

“ಅಳಿಯನ್ನ ಹೊಟ್ಟ್ಯಾಗ ಇಟಗೊಂಡೇ ಹೋಗ್ಯಾಳ ನೋಡ್ರೇ!” ಎಂದಳು ಇನ್ನೊಬ್ಬಳು. ಅಳುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು, ನಗುತ್ತ ನಗುತ್ತ ಮತ್ತೆ ಅತ್ತರು. ಭುವನೇಶ್ವರಿ ಮಾತ್ರ ನಗಲಿಲ್ಲ. ನಾಗನಾಥ ಐದು ವಾರದ ಸುಳ್ಳನ್ನೆಲ್ಲ ಅಲ್ಲೇ ನಿಂತು ಒಪ್ಪಿಸಿದ.

“ಅಂದ್ರ ಫೋಟೋ ಇದ್ದೇ ಇದ್ದಿಲ್ಲ,” ಎಂದಳು ಅವಳು ಮೆಲ್ಲಗೆ. “ಅವ್ವ ದಿನಾ ದಾರಿ ಕಾಯಾಕತ್ತಿದ್ಲು. ಕಡೀ ಮಾರಿ ಫೋಟೋನೂ ತಪ್ಪಿಸಿದ್ರಲ್ರಿ.”

ಬೇರೆ ಫೋಟೋ ಇಲ್ಲದ್ದರಿಂದ ನಾಗನಾಥ ಅದನ್ನೇ ತಂದು ತಮ್ಮ ಮನೆಯ ಗೋಡೆಗೆ ತೂಗುಹಾಕಿದ.

ಏಳು ತಿಂಗಳಾದ ಮೇಲೆ ಹೊಸ ಕಂಪ್ಯೂಟರು ಬಂತು. ಫೈಲು ಒಂದೇ ಏಟಿಗೆ ತೆರೆಯಿತು. ಧೂಳಮ್ಮನ ಹಣೆಯ ಒಂದೊಂದು ಗೆರೆ, ಬೆರಳಿಗೆ ಅಂಟಿದ ಬೇಳೆಯ ಹೊಟ್ಟು, ಕಣ್ಣಂಚಿನ ನಗೆ, ಎಲ್ಲ ಇದ್ದವು. ದೊಡ್ಡದು ಮಾಡಿಸಿ ಮನೆಗೆ ತಂದು, ಮೊಳೆಯಿಂದ ಹಳೆಯದನ್ನು ಇಳಿಸಿದ.

ಭುವನೇಶ್ವರಿ ಹೊಸ ಫೋಟೋದ ಮೇಲೆ ಕೈಯಾಡಿಸಿದಳು. “ಅವ್ವ ಬರೋಬ್ಬರಿ ಬಂದಾಳ,” ಎಂದು ಅದನ್ನು ಸೀರೆಯಲ್ಲಿ ಸುತ್ತಿ ಟ್ರಂಕಿನೊಳಗಿಟ್ಟಳು. “ಹಳೇದು ತಿರುಗಿ ಹಾಕ್ರಿ.”

“ಅದರಾಗ ನಾನೂ ಅದೀನಲ್ಲ! ಜೀವಂತ ಮನಷ್ಯಾಗ ದಿನಾ ಹೂವು ಏರಸ್ತೀಯೇನು?”

“ಹೊಸದರಾಗ ಅವ್ವ ಒಬ್ಬಾಕೇ ಕುಂತಾಳ್ರಿ. ಹಳೇದರಾಗ ಜೋಡಿಗೆ ಯಾರರೆ ಅದಾರ.” ಚೌಕಟ್ಟನ್ನು ತಾನೇ ಮೊಳೆಗೆ ತೂಗುಹಾಕಿ, ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುತ್ತ ಭುವನೇಶ್ವರಿ ಹೇಳಿದಳು: “ನಮ್ಮವ್ವಗ ನೀವು ಉಪಯೋಗಕ್ಕ ಬಂದದ್ದು ಇದೊಂದೇ ಸಲ.”