ನಾಲ್ಕನೆಯವರಿಗಾಗಿ ಕಾಯಲಾಗುತ್ತಿದೆ

ಒಂದೇ ಕಾಲೇಜಿಗೆ ಹೋಗುವವರು ಒಂದೇ ಕಾರಿನಲ್ಲಿ ಹೋದರೆ ಮಾಗಡಿ ರಸ್ತೆ ಅರ್ಧ ಖಾಲಿಯಾಗುತ್ತದೆ ಎಂಬ ಸರಳ ಸತ್ಯ ಇಷ್ಟು ದಿನ ಯಾರಿಗೂ ಹೊಳೆಯದೆ ನನಗೇ ಏಕೆ ಹೊಳೆಯಿತೋ! ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿದ್ಯಾರ್ಥಿಗಳ ಕಾರ್‌ಪೂಲ್ ಆ್ಯಪ್ ಮಾಡುವುದೆಂದು ನಾನು ಮತ್ತು ಬಾಪೂಜಿ ನಗರದ ಹರ್ಷ ತೀರ್ಮಾನಿಸಿದೆವು. ಕೋಡ್ ಬರೆಯುವುದು ಅವನ ಕೆಲಸ, ವಿನ್ಯಾಸ ನನ್ನದು. ವಿನ್ಯಾಸ ಎಂದರೆ ಕುರ್ಚಿಗೆ ಒರಗಿಕೊಂಡು ಹರ್ಷನಿಗೆ ಫೋನ್ ಮಾಡಿ, ಅದು ಹೀಗಿರಲಿ, ಇದು ಹಾಗಿರಲಿ ಎನ್ನುವುದು.

ಮೊದಲು ಬಳಕೆದಾರರ ಮಾತು ಕೇಳಿ ಎಂದು ನಮ್ಮ ಗೈಡ್ ಸರ್ ಹೇಳಿದ್ದರು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಕೈಗೆ ಸಿಗುವ ಬಳಕೆದಾರರೆಂದರೆ ಅಮ್ಮ ಒಬ್ಬಳೇ. ಅವಳು ಅವರೆಕಾಯಿ ಸುಲಿಯುತ್ತಲೇ ನನ್ನ ಫೋನಿನತ್ತ ಕಣ್ಣು ಹಾಯಿಸಿದಳು. ಅದರಲ್ಲಿ ಬಿಡಿಸಿದ್ದ ಕಾರಿನೊಳಗೆ ಮೂರು ಜನ ಕೂತಿದ್ದರು.

“ಒಳ್ಳೇ ಕೆಲ್ಸಕ್ಕೆ ಮೂರು ಜನ ಹೊರಡಬಾರ್ದು ಕಣೋ. ನಾಲ್ಕನೇವ್ರು ಸಿಗ್ದಿದ್ರೆ ಒಂದು ಕಲ್ಲಾದ್ರೂ ಜೇಬಿಗೆ ಹಾಕ್ಕೊಂಡು ಹೋಗ್ಬೇಕು.”

ಬೇರೆ ಯಾರಾದರೂ ನಕ್ಕು ಸುಮ್ಮನಾಗುತ್ತಿದ್ದರು. ನಾನು ಸಂಶೋಧಕ! ಕಾರಿಗೆ ಮೂವರೇ ಆದರೆ ಪ್ರಯಾಣ ತಾನಾಗಿಯೇ ನಿಲ್ಲಬೇಕು, ನಾಲ್ಕನೆಯವರು ಸೇರಿದ ಮೇಲೆಯೇ ಹೊರಡಬೇಕು ಎಂದು ನಿಯಮ ಹಾಕಿಸಿದೆ. ವರದಿಯಲ್ಲಿ ಅದಕ್ಕೆ ‘ಸ್ಥಳೀಯ ಸಂಸ್ಕೃತಿಗೆ ಸ್ಪಂದಿಸುವ ವಿನ್ಯಾಸ’ ಎಂಬ ತಲೆಬರಹವನ್ನೂ ಕೊಟ್ಟೆ. ಇದೆಲ್ಲಾ ಬೇಕಾ ಮಗಾ ಎಂದು ಹರ್ಷ ಕೇಳಿದ. ಸ್ಟ್ರಿಕ್ಟಾಗಿರಲಿ ಎಂದೆ.

ಪ್ರಯೋಗದ ದಿನ ಅಪ್ಪನನ್ನು ಕಾಡಿಬೇಡಿ ಹಳೇ ಕಾರು ಇಸಿದುಕೊಂಡೆ. ನಮ್ಮ ಬೀದಿಯ ಒಬ್ಬ ಜೂನಿಯರ್, ಸುಂಕದಕಟ್ಟೆಯ ಪಿ.ಜಿ.ಯಲ್ಲಿರುವ ನಮ್ಮ ಕ್ಲಾಸಿನ ಸವಿತಾ, ನಾಯಂಡಹಳ್ಳಿ ಮೆಟ್ರೊ ಕೆಳಗೆ ನಿಲ್ಲುವ ಹರ್ಷ, ಇಷ್ಟು ಜನರನ್ನು ಹತ್ತಿಸಿಕೊಂಡು ಕೆಂಗೇರಿ ಆಚೆಯ ಕಾಲೇಜು ಮುಟ್ಟಬೇಕಿತ್ತು. ಅಲ್ಲಿ ಹರ್ಷ ಹಿಂದಿನ ದಿನವೇ ಬಿಟ್ಟುಬಂದಿದ್ದ ಲ್ಯಾಪ್‌ಟಾಪಿನಲ್ಲಿ ನಮ್ಮ ಕಾರು ಚುಕ್ಕಿಯಾಗಿ ಓಡುವುದನ್ನು ಗೈಡ್ ಸರ್ ನೋಡುತ್ತಾ ಕೂತಿರುತ್ತಾರೆ.

ಸವಿತಾ ಇಳಕಲ್ ಕಡೆಯವಳು. ಆ ದಿನ ಅವಳಿಗೆ ಕಾಲೇಜಿನಲ್ಲೇ ಕೆಲಸದ ಇಂಟರ್‌ವ್ಯೂ. ಆ ವರ್ಷ ಬರಲಿದ್ದ ಕೊನೆಯ ಕಂಪನಿ ಅದು. ಅದೂ ಕೈಕೊಟ್ಟರೆ ಅವಳು ಪಿ.ಜಿ. ಖಾಲಿ ಮಾಡಿ ಊರಿಗೆ ಹೋಗಬೇಕಿತ್ತು. ಬಸ್ಸಿನಲ್ಲಿ ಇಸ್ತ್ರಿ ಹಾಳಾಗುತ್ತದೆ, ನಮ್ಮ ಆ್ಯಪ್ ಇರುವಾಗ ಚಿಂತೆ ಏಕೆ ಎಂದು ಅವಳನ್ನು ಒಪ್ಪಿಸಿದವನು ನಾನೇ.

ಹೊರಡುವ ಹೊತ್ತಿಗೆ ಸರಿಯಾಗಿ ಜೂನಿಯರ್‌ಗೆ ಜ್ವರ ಬಂತು. ಉಳಿದವರು ಮೂವರು. ಫೋನು ಕಿಣಿಕ್ ಎಂದು ತೋರಿಸಿತು: ‘ನಾಲ್ಕನೆಯವರಿಗಾಗಿ ಕಾಯಲಾಗುತ್ತಿದೆ.’

ಆ ನಿಯಮ ಕಿತ್ತುಹಾಕೋ ಎಂದು ಹರ್ಷನಿಗೆ ಫೋನಿನಲ್ಲಿ ಗೋಗರೆದೆ. ಅವನ ಲ್ಯಾಪ್‌ಟಾಪ್ ಸರ್ ಮುಂದಿತ್ತು. ಆ್ಯಪನ್ನು ಅತ್ತ ಬಿಸಾಡಿ ಸುಮ್ಮನೆ ಕಾರು ಓಡಿಸಿಕೊಂಡು ಹೋಗಬಹುದಿತ್ತು. ಬುದ್ಧಿ ನೆಟ್ಟಗಿದ್ದವನು ಅದನ್ನೇ ಮಾಡುತ್ತಿದ್ದ. ಆದರೆ ಚುಕ್ಕಿ ಓಡದಿದ್ದರೆ ನನ್ನ ಮರ್ಯಾದೆಯ ಗತಿ? ಸವಿತಾಗೆ ಫೋನ್ ಮಾಡಿ ಐದೇ ನಿಮಿಷ ಎಂದೆ.

ಅಮ್ಮ ಕಾಂಪೌಂಡಿನ ಮೂಲೆಯಿಂದ ಒಂದು ಕಲ್ಲು ತಂದುಕೊಟ್ಟಳು. ಆ್ಯಪಿಗೆ ಸೇರಲು ಬೇಕಾದ ಕಾಲೇಜಿನ ಐ.ಡಿ. ಕಾರ್ಡ್ ಕಲ್ಲಿನ ಹತ್ತಿರ ಇರಲಿಲ್ಲ.

ಎದುರುಮನೆಯ ರಾಜಮ್ಮ ಆಂಟಿ ಕೆಂಗೇರಿಯ ತಂಗಿಯ ಮನೆಗೆ ಹೊರಟಿದ್ದಾರೆಂದು ಆಮೇಲೆ ಅಮ್ಮನಿಗೇ ನೆನಪಾಯಿತು. ಸಿಕ್ಕರಲ್ಲ ನಾಲ್ಕನೆಯವರು! ನಮ್ಮ ಕಾಲೇಜಿನಲ್ಲೇ ಓದಿ ಮುಗಿಸಿದ್ದ ಅಕ್ಕನ ಹಳೇ ಐ.ಡಿ. ಕಾರ್ಡ್ ಹುಡುಕಿ ತೆಗೆದು ಆಂಟಿಯನ್ನು ಇಂಜಿನಿಯರಿಂಗಿಗೆ ಸೇರಿಸಿದೆ. ಯಾವ ಬ್ರಾಂಚ್ ಎಂದು ಆ್ಯಪ್ ಕೇಳಿತು. ನಮ್ಮ ಯಜಮಾನರದ್ದು ಗ್ಯಾರೇಜ್ ಅಲ್ವಾ, ಮೆಕ್ಯಾನಿಕಲ್ಲೇ ಹಾಕು ಎಂದರು ಆಂಟಿ. ಫೋಟೊ ಬೇಕು ಎಂದಾಗ ಒಳಗೆ ಹೋಗಿ ಸೀರೆ ಬದಲಿಸಿ, ಹೂ ಮುಡಿದು ಬಂದರು. ಕಾರು ಹತ್ತಿದ ಮೇಲೆ ತಂಗಿಗೆಂದು ಮಾಡಿದ್ದ ಸಾರಿನ ಪುಡಿ ಮರೆತದ್ದು ನೆನಪಾಗಿ ಮತ್ತೆ ಇಳಿದರು. ಅಷ್ಟರಲ್ಲಿ ನಾನು ಸವಿತಾಗೆ ಇನ್ನೊಮ್ಮೆ ಐದೇ ನಿಮಿಷ ಎಂದೆ. ಆಮೇಲೆ ಮತ್ತೊಮ್ಮೆ ಎಂದೆ.

ಕೊನೆಗೂ ಚುಕ್ಕಿ ಓಡಿತು. ಸುಂಕದಕಟ್ಟೆ ಮುಟ್ಟಿದರೆ ಪಿ.ಜಿ. ಮುಂದೆ ಸವಿತಾ ಇಲ್ಲ. ಫೋನ್ ಮಾಡಿದೆ. ಹಿಂದಿನಿಂದ ಕಂಡಕ್ಟರ್ ಟಿಕೆಟ್ ಟಿಕೆಟ್ ಎನ್ನುವುದು ಕೇಳಿಸಿತು.

“ನಾ ಬಸ್ಸಿನ್ಯಾಗ ಅದೀನಪಾ. ನೀ ಸಿಟ್ಟಾಗಬ್ಯಾಡ. ಇವತ್ತ ತಪ್ಪಿದ್ರ ನಾ ಊರಿಗೆ ಹೋಗಿ ಕುಂದ್ರಬೇಕಾಗತೈತಿ.”

ಸಿಟ್ಟಾಗಬೇಕಾದವಳು ಅವಳು. ಸಮಾಧಾನ ಮಾಡುತ್ತಿದ್ದವಳೂ ಅವಳೇ. ಅವಳ ಬಸ್ಸು ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಸಾಕೆಂದು ಕಂಡಕಂಡ ದೇವರಿಗೆಲ್ಲ ಕೈಮುಗಿದೆ.

ಕಿಣಿಕ್! ಸವಿತಾ ಹೋದ ಮೇಲೆ ಉಳಿದವರು ನಾನು, ಹರ್ಷ, ರಾಜಮ್ಮ ಆಂಟಿ. ಮತ್ತೆ ಮೂವರು! ಚುಕ್ಕಿ ನಿಂತುಬಿಟ್ಟಿತು. ಬೆನ್ನಿಗೇ ಗೈಡ್ ಸರ್ ಫೋನ್ ಬಂತು.

“ಮೆಕ್ಯಾನಿಕಲ್ ರಾಜಮ್ಮ ಅಂದ್ರೆ ಯಾರ್ರೀ? ಯಾವ ಸೆಮಿಸ್ಟರ್?”

ಕೊನೇ ವರ್ಷ ಅಂದ್ಬಿಡಪ್ಪ, ಯಾಕೆ ಸುಮ್ನೆ ಎಂದು ಆಂಟಿ ಪಕ್ಕದಿಂದ ಪಿಸುಗುಟ್ಟಿದರು. ನಾನು ನಿಜವನ್ನೇ ಹೇಳಿದೆ. ಸರ್ ಫೋನ್ ಇಟ್ಟುಬಿಟ್ಟರು. ಇತ್ತ ಹರ್ಷ ಕಾದು ಕಾದು ಸಾಕಾಗಿ ಮೆಟ್ರೊ ಹತ್ತಿದ್ದ. ಹೀಗೆ ನಮ್ಮ ವಿದ್ಯಾರ್ಥಿ ಕಾರ್‌ಪೂಲಿನ ಸಂಪೂರ್ಣ ಲಾಭ ಪಡೆದು ಸುಖವಾಗಿ ಕೆಂಗೇರಿ ತಲುಪಿದ್ದು ಆಂಟಿ ಮತ್ತು ಸಾರಿನ ಪುಡಿ.

ಸವಿತಾ ತನ್ನ ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ಏದುಸಿರು ಬಿಡುತ್ತಾ ಇಂಟರ್‌ವ್ಯೂ ಕೋಣೆಯೊಳಗೆ ಹೋಗಿದ್ದಳಂತೆ. ನಾನು ಮಧ್ಯಾಹ್ನದ ಊಟ ಬಿಟ್ಟು ಆ ಬಾಗಿಲ ಎದುರೇ ಕೂತೆ. ಅವಳು ಹೊರಬಂದು ನನ್ನ ಮುಖ ನೋಡಿ ನಕ್ಕಳು. ನೀವು ಬಳಸಿದ ಯಾವುದಾದರೂ ಆ್ಯಪಿನ ಒಂದು ದೋಷ ಹೇಳಿ ಎಂದು ಕೇಳಿದ್ದರಂತೆ. ಒಂದೇ ಸಾಕಾ ಸಾರ್ ಎಂದಳಂತೆ. ಸಂಜೆ ಆಯ್ಕೆಯಾದವರಲ್ಲಿ ಅವಳ ಹೆಸರಿತ್ತು. ನನಗೇ ಕೆಲಸ ಸಿಕ್ಕಿದ್ದರೂ ಅಷ್ಟು ಖುಷಿಯಾಗುತ್ತಿರಲಿಲ್ಲ.

ಎಲ್ಲವನ್ನೂ ಸರಿಮಾಡಿ ಮುಂದಿನ ವಾರ ಮತ್ತೆ ತೋರಿಸಿ ಎಂದರು ಸರ್. ಅಪ್ಪ ಕಾರು ಕೊಡಲಿಲ್ಲ. ಬಸ್ಸಿಗೆ ಬಾ, ನಾ ಸೀಟ್ ಹಿಡದಿರ್ತೇನಿ ಎಂದಳು ಸವಿತಾ. ಹೇಳಿದಂತೆಯೇ ಕಿಟಕಿ ಪಕ್ಕ ಬ್ಯಾಗ್ ಇಟ್ಟು ಕಾದಿದ್ದಳು. ಇಬ್ಬರೂ ಹೊತ್ತಿಗೆ ಮುಂಚೆಯೇ ಕಾಲೇಜು ಮುಟ್ಟಿದೆವು. ಸರ್ ಲ್ಯಾಪ್‌ಟಾಪ್ ತೆರೆಯುತ್ತಾ, ಹೇಗಿತ್ತಪ್ಪ ಇವತ್ತಿನ ಪ್ರಯಾಣ ಎಂದು ಕೇಳಿದರು.

“ಸೀಟ್ ಸಿಕ್ತು ಸಾರ್” ಎಂದುಬಿಟ್ಟೆ.