ತಂತಿ ಕಿತ್ತು ನೋಡುವ ಮಾವ

ನಮ್ಮ ಮಾವನ ಕಣ್ಣಿಗೆ ನೆಟ್ಟಗೆ ನಡೆಯುತ್ತಿರುವ ಯಾವ ವಸ್ತುವೂ ಬೀಳಬಾರದು. ಬಿತ್ತೋ, ಕೆಟ್ಟಿತು! ಕೆಟ್ಟು ಕೂತದ್ದನ್ನು ರಿಪೇರಿ ಮಾಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಚೆನ್ನಾಗಿ ಓಡುತ್ತಿರುವುದನ್ನು ಬೇಕೆಂದೇ ನಿಲ್ಲಿಸಿ, ಕೈಕಟ್ಟಿ ನಿಂತು, "ಈಗೇನ್ಮಾಡ್ತೀಯ ನೋಡೋಣ" ಎಂದು ಅದನ್ನೇ ಕೇಳುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಅವರ ಮನೆಯಲ್ಲಿ ಮೂರು ವರ್ಷ ಉಂಡಿದ್ದೇನೆ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಜಯನಗರದ ಕಾಲೇಜಿಗೆ ಸೇರಿದ್ದೆ. ವಾಸ ಬನಶಂಕರಿಯಲ್ಲಿ, ಅಮ್ಮನ ಅಣ್ಣನಾದ ಈ ಮಾವನ ಮನೆಯಲ್ಲಿ. ಮಕ್ಕಳಿಲ್ಲದ ಮನೆ, ಮಾವ, ಅತ್ತೆ, ನಾನು, ಮೂರೇ ಜನ. ಮಾವನಿಗೆ ಒಂದು ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಅತ್ತೆಯೋ, ಮಾವ ಜೊತೆಗಿಲ್ಲದೆ ಮನೆಯೆದುರಿನ ರಸ್ತೆಯನ್ನೂ ದಾಟಿದವರಲ್ಲ. ಬ್ಯಾಂಕು, ಕರೆಂಟ್ ಬಿಲ್ಲು, ಗ್ಯಾಸು, ತರಕಾರಿ, ಕಡೆಗೆ ಅತ್ತೆಯ ರವಿಕೆ ಹೊಲಿಸುವುದೂ ಮಾವನ ಪಾಲಿಗೇ! ದರ್ಜಿ "ಮೇಡಂ ಬರ್ಲಿಲ್ವಾ ಸಾರ್?" ಎಂದರೆ ಮಾವ ಸುಮ್ಮನೆ ಅಳತೆಯ ರವಿಕೆಯನ್ನು ಮುಂದಿಡುತ್ತಿದ್ದರು. ಯಾರಿಗೂ ಹೆದರದ ಮಾವ ಹೆದರುತ್ತಿದ್ದದ್ದು ಒಂದಕ್ಕೇ. "ನಾನಿಲ್ದಿದ್ರೆ ಇವಳ ಗತಿ ಏನೇ?" ಎಂದು ಆಗಾಗ ನನ್ನನ್ನು ಕೇಳುತ್ತಿದ್ದರು.

ಅವರ ಕೆಲಸ ಏನೆಂದು ನನಗೆ ತಿಳಿದದ್ದು ಕಾಫಿ ಲೋಟಗಳಿಂದ. ಒಂದು ಬೆಳಿಗ್ಗೆ ಮೂರು ಲೋಟಗಳನ್ನು ಮೇಜಿನ ಮೇಲೆ ಮೂರು ಕಡೆ ಇಟ್ಟು ಪಾಠ ಶುರು ಮಾಡಿದರು.

"ನೋಡೇ, ನಮ್ಮಲ್ಲಿ ಮೂರು ಕಟ್ಟಡ. ಒಂದೊಂದರಲ್ಲೂ ಒಂದೊಂದು ಡಬ್ಬ. ಅದಕ್ಕೆ ರೂಟರ್ ಅಂತಾರೆ. ಒಂದು ಕಟ್ಟಡದ ಕಂಪ್ಯೂಟರ್ ಆಡಿದ ಮಾತು ಇನ್ನೊಂದು ಕಟ್ಟಡಕ್ಕೆ ಯಾವ ದಾರೀಲಿ ಹೋಗ್ಬೇಕು ಅಂತ ತೋರಿಸೋದು ಅದರ ಕೆಲಸ. ಆ ದಾರಿನ ಇಷ್ಟು ದಿನ ನಾನೇ ಕೈಯಾರೆ ಬರೀತಿದ್ದೆ. ಇಲಿ ಒಂದು ತಂತಿ ಕಡೀತೋ, ಓಡ್ಹೋಗಿ ಮತ್ತೆ ಬರೀಬೇಕು."

"ಇಲಿ ದಿನಾ ಕಡಿಯುತ್ತಾ ಮಾವ?"

"ಇಲಿಗೇನು ಸರ್ಕಾರಿ ರಜಾ ಇರುತ್ತಾ?"

ಈಗ ಅವರು ಡಬ್ಬಗಳಿಗೆ ಹೊಸ ವಿದ್ಯೆಯೊಂದನ್ನು ಕಲಿಸಲು ಹೊರಟಿದ್ದರು. ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳುವ ವಿದ್ಯೆ! ಪ್ರತಿ ಡಬ್ಬವೂ ಅರ್ಧ ನಿಮಿಷಕ್ಕೊಮ್ಮೆ ಪಕ್ಕದ ಡಬ್ಬಕ್ಕೆ "ನನ್ನ ಕಡೆಯಿಂದ ಹೋದರೆ ಇಂಥ ಕಟ್ಟಡ ಇಷ್ಟು ದೂರ" ಎಂದು ಸುದ್ದಿ ಮುಟ್ಟಿಸಬೇಕು. ಪಕ್ಕದ್ದು ಮೂರು ನಿಮಿಷ ತುಟಿ ಬಿಚ್ಚಲಿಲ್ಲವೆಂದರೆ, ಆ ದಾರಿ ಹೋಯಿತೆಂದು ತಿಳಿದು ಬೇರೆ ದಾರಿ ಹಿಡಿಯಬೇಕು.

ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆಯೆತ್ತದೆ ಅಂದರು: "ಇದಕ್ಕೆ ಸಂಬಳ ಬೇರೆ ಕೊಡ್ತಾರೇನ್ರೀ? ನಮ್ಮ ಎದುರುಮನೆಯವರು ಪುಕ್ಕಟೆ ಮಾಡ್ತಾರೆ!"

ಮೊದಲ ಪರೀಕ್ಷೆಯ ದಿನ ಮಾವ ಜೋಲು ಮುಖ ಹಾಕಿಕೊಂಡು ಬಂದರು. ಉಳಿದೆರಡು ಕಟ್ಟಡಗಳಿಂದ ಮೂರನೆಯದಕ್ಕೆ ಹೋಗುವ ಎರಡೂ ತಂತಿಗಳನ್ನು ಕಿತ್ತರಂತೆ. ಉಳಿದೆರಡು ಡಬ್ಬಗಳಲ್ಲಿ ಒಂದು "ಅಲ್ಲಿಗೆ ದಾರಿ ನಿನ್ನ ಹತ್ತಿರ ಇದೆಯಲ್ಲ" ಎಂದಿತಂತೆ. ಇನ್ನೊಂದು "ನಿನ್ನ ಹತ್ತಿರವೇ ಇದೆಯಂತಲ್ಲ" ಎಂದಿತಂತೆ. ಆಫೀಸುಗಳಲ್ಲಿ ನಮ್ಮನ್ನು ಒಂದು ಕೌಂಟರಿನಿಂದ ಇನ್ನೊಂದು ಕೌಂಟರಿಗೆ ಅಟ್ಟುತ್ತಾರಲ್ಲ, ಥೇಟ್ ಹಾಗೆಯೇ! ಮಾರನೆಯ ದಿನ ಮಾವ ಡಬ್ಬಗಳಿಗೆ ಕಟ್ಟುನಿಟ್ಟಾಗಿ ಒಂದು ನಿಯಮ ಹಾಕಿದರು. ಯಾರಿಂದ ಸುದ್ದಿ ಕೇಳಿದಿರೋ ಅವರಿಗೇ ಅದನ್ನು ತಿರುಗಿ ಹೇಳಕೂಡದು. ಡಬ್ಬಗಳು ದಾರಿಗೆ ಬಂದವು. ಹುಮ್ಮಸ್ಸು ಹೆಚ್ಚಾಗಿ ಮಾವ ಅದೇ ನಿಯಮವನ್ನು ಮನೆಗೂ ತಂದರು. ಎರಡು ದಿನ ಮನೆಯಲ್ಲಿ ಮಾತೇ ಇಲ್ಲ! ಇದ್ದ ಮೂವರಿಗೆ ಗೊತ್ತಿದ್ದ ಸುದ್ದಿಯೆಲ್ಲ ಒಬ್ಬರಿಂದೊಬ್ಬರು ಕೇಳಿದ್ದೇ ತಾನೆ?

ಒಂದು ಶನಿವಾರ ನನ್ನನ್ನೂ ಆಫೀಸಿಗೆ ಕರೆದುಕೊಂಡು ಹೋದರು. ತಣ್ಣಗೆ ಕೊರೆಯುವ ಕೋಣೆ, ಪಕ್ಕದ ಕಟ್ಟಡದಿಂದ ಬಂದ ಹಸಿರು ಅಕ್ಷರಗಳು ಸರಸರನೆ ಮೇಲೇರುತ್ತಿರುವ ಪರದೆ, ಅದರ ಮುಂದೆ ಅವರ ಮೇಲಧಿಕಾರಿ. "ಚೆನ್ನಾಗ್ ಬರ್ತಿದೆ ಕಣ್ರೀ" ಎಂದು ಅವರು ಬಾಯಿ ಮುಚ್ಚುವುದರೊಳಗೆ ಮಾವ ಬಗ್ಗಿ ಒಂದು ತಂತಿಯನ್ನು ಫಟ್ಟನೆ ಕಿತ್ತರು. ಅಕ್ಷರಗಳು ನಿಂತವು.

"ರೀ! ಏನ್ರೀ ಮಾಡಿದ್ರಿ? ಚೆನ್ನಾಗೇ ಇತ್ತಲ್ರೀ!"

"ಚೆನ್ನಾಗಿದೆಯೋ ಇಲ್ವೋ ಅಂತ ಈಗ ಗೊತ್ತಾಗುತ್ತೆ ಸಾರ್."

ಒಂದು ನಿಮಿಷ ಹೋಯಿತು. ಎರಡಾಯಿತು. ಮೇಲಧಿಕಾರಿ ಕರವಸ್ತ್ರ ತೆಗೆದರು. ಮಾವ ಕೈಕಟ್ಟಿಯೇ ನಿಂತಿದ್ದರು. ಮೂರು ನಿಮಿಷವಾದ ಸ್ವಲ್ಪ ಹೊತ್ತಿಗೆ, ಯಾರೂ ಏನನ್ನೂ ಮುಟ್ಟದೆ, ನಿಂತಲ್ಲಿಂದಲೇ ಅಕ್ಷರಗಳು ಮತ್ತೆ ಮೇಲೇರತೊಡಗಿದವು! ಕಣ್ಣಿಲ್ಲದ, ಕಾಲಿಲ್ಲದ ಆ ಡಬ್ಬಗಳು ಎಲ್ಲೋ ಒಳಗೊಳಗೇ ವಿಚಾರಿಸಿಕೊಂಡು, ಇನ್ನೊಂದು ಕಟ್ಟಡವನ್ನು ಬಳಸಿ ದಾರಿ ಮಾಡಿಕೊಂಡಿದ್ದವು. ನನಗೆ ಮೈ ಜುಮ್ಮೆಂದಿತು. ದೇವರ ಮನೆಯಲ್ಲೂ ನಾನು ಅಷ್ಟು ಭಕ್ತಿಯಿಂದ ನಿಂತವಳಲ್ಲ. ಅಲ್ಲಿಯವರೆಗೆ ತಲೆತಿರುಕ ಅಂದುಕೊಂಡಿದ್ದ ಮಾವ ಆ ಕೋಣೆಯಲ್ಲಿ ನನಗೆ ದೊಡ್ಡ ಮನುಷ್ಯನಾಗಿ ಕಂಡರು.

ಆ ಭಕ್ತಿ ಮರುದಿನ ಬೆಳಿಗ್ಗೆಯೇ ಇಳಿಯಿತು. ಭಾನುವಾರ, ಗ್ಯಾಸ್ ಮುಗಿದಿತ್ತು. "ರೀ, ಸಿಲಿಂಡರ್ ಬದಲಾಯಿಸಿ" ಎಂದರು ಅತ್ತೆ. ಬೆತ್ತದ ಕುರ್ಚಿಯಲ್ಲಿದ್ದ ಮಾವ ಪೇಪರಿನ ಹಿಂದಿನಿಂದ, "ನಾನಿಲ್ಲ" ಎಂದರು.

"ಇಲ್ಲೇ ಕೂತಿದೀರಲ್ರೀ!"

"ಇವತ್ತು ನಾನಿಲ್ಲ. ಸಾಯಂಕಾಲದವರೆಗೆ ನನ್ನ ತಂತಿ ಕಿತ್ತಿದೆ."

ಅಂದಿನಿಂದ ಪ್ರತಿ ಭಾನುವಾರ ಮಾವ ಇರುತ್ತಿರಲಿಲ್ಲ. ಅಂದರೆ ಕುರ್ಚಿಯಲ್ಲಿ ಇರುತ್ತಿದ್ದರು, ಊಟಕ್ಕೂ ಇರುತ್ತಿದ್ದರು, ಕೆಲಸಕ್ಕೆ ಮಾತ್ರ ಇಲ್ಲ! ಅಲ್ಲೇ ಹತ್ತಿರದ ಶ್ರೀನಗರದಿಂದ ಅತ್ತೆಯ ದೂರದ ನೆಂಟರೊಬ್ಬರು ಮೊದಲ ಸಲ ಬಂದು "ಯಜಮಾನ್ರು ಇದಾರಾ?" ಎಂದಾಗ ಮಾವನೇ ಎದ್ದು ಬಂದು "ಇಲ್ಲ" ಎಂದರು. "ಹಾಗಾದ್ರೆ ತಾವು?" ಎಂದು ಅವರು ಕೇಳಿದ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಅತ್ತೆ ಬೈದುಕೊಂಡೇ ಸಿಲಿಂಡರ್ ಬದಲಾಯಿಸುವುದನ್ನು ಕಲಿತರು. ಫ್ಯೂಸ್ ಹಾಕುವುದನ್ನೂ ಕಲಿತರು. ಒಂದು ಭಾನುವಾರ ಯಾವ ರೋಷಕ್ಕೋ ಚೀಲ ಹಿಡಿದು ಒಬ್ಬರೇ ಜಯನಗರ ಫೋರ್ತ್ ಬ್ಲಾಕಿಗೆ ಹೊರಟೇಬಿಟ್ಟರು. ಒಂದು ಗಂಟೆಯಲ್ಲಿ ಬರಬೇಕಾದವರು ಎರಡಾದರೂ ಬರಲಿಲ್ಲ. ಮಾವ ಗೇಟಿಗೂ ಕುರ್ಚಿಗೂ ಇಪ್ಪತ್ತು ಸಲ ಓಡಾಡಿದರು. ಬೆವರಿನಲ್ಲಿ ಬನಿಯನ್ ತೊಯ್ದಿತ್ತು. "ಹೋಗಿ ನೋಡ್ಕೊಂಡು ಬರ್ತೀನಿ ಮಾವ" ಎಂದರೆ ಗದರಿದರು: "ಕೂತ್ಕೋ! ದಾರಿ ಹುಡುಕ್ಕೊಂಡು ಬರ್ತಾಳೆ."

ಹೋಗಿ ಮೂರು ಗಂಟೆ ಕಳೆದ ಮೇಲೆ ಅತ್ತೆ ಬಂದರು. ಬರುವಾಗ ಬಸ್ಸಿನಲ್ಲಿ ನಿದ್ದೆ ಹತ್ತಿ, ಬನಶಂಕರಿಯಲ್ಲಿ ಇಳಿಯುವುದನ್ನು ಬಿಟ್ಟು ಜರಗನಹಳ್ಳಿಯಲ್ಲಿ ಇಳಿದಿದ್ದರಂತೆ. ಚೀಲದ ತುಂಬ ದಂಟಿನ ಸೊಪ್ಪು. "ಅಲ್ಲಿ ಸೊಪ್ಪು ಎಷ್ಟು ಎಳೇದಿರುತ್ತೆ ಗೊತ್ತೇನ್ರೀ? ಇಷ್ಟು ವರ್ಷ ನೀವು ತಂದಿದ್ದೆಲ್ಲಾ ಬರೀ ನಾರು!" ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಇದೆಲ್ಲ ಬರೀ ಹುಚ್ಚಲ್ಲ ಎಂದು ತಿಳಿದದ್ದು ಮರು ಬೇಸಿಗೆಯಲ್ಲಿ. ಮಾವನ ಹೃದಯದ ಕವಾಟವೊಂದು ಹಾಳಾಗಿದೆ, ಇಂದಲ್ಲ ನಾಳೆ ಆಪರೇಷನ್ ಆಗಲೇಬೇಕು, ಬದುಕುವ ಭರವಸೆ ಕೊಡಲಾಗದು ಎಂದು ಡಾಕ್ಟರು ವರ್ಷದ ಹಿಂದೆಯೇ ಹೇಳಿದ್ದರಂತೆ. ಮಾವ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಮಾವನನ್ನು ಆಸ್ಪತ್ರೆಗೆ ಸೇರಿಸಿದ ದಿನ, ಅಲ್ಲಿಯ ವರಾಂಡದಲ್ಲಿ ಅದು ನಮ್ಮ ಕಿವಿಗೆ ಬಿತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು, "ರಕ್ತ ಎಲ್ಲಿ ಸಿಗುತ್ತೆ ಸಿಸ್ಟರ್?" ಎಂದು ಕೇಳಿದರು.

ಐದು ವಾರ ಅತ್ತೆ ಎರಡು ಬಸ್ಸು ಬದಲಾಯಿಸಿ ದಿನವೂ ಆಸ್ಪತ್ರೆಗೆ ಓಡಾಡಿದರು. ಬ್ಯಾಂಕಿಗೆ ಹೋದರು, ಬಿಲ್ಲು ಕಟ್ಟಿದರು, ಡಾಕ್ಟರ ಜೊತೆ ಜಗಳವನ್ನೂ ಆಡಿದರು. ಒಂದು ಕೆಲಸವೂ ನಿಲ್ಲಲಿಲ್ಲ. ಮಾವ ಬದುಕಿ ಬಂದರು.

ಮನೆಗೆ ಬಂದ ಮಧ್ಯಾಹ್ನ ಮಾವ ಸುತ್ತಲೂ ನೋಡಿದರು. ಎಲ್ಲವೂ ಅದರದರ ಜಾಗದಲ್ಲಿತ್ತು. ಗೆದ್ದವರ ಹಾಗೆ ಮುಖ ಅರಳಬೇಕಿತ್ತು, ಯಾಕೋ ಸಪ್ಪಗಾಯಿತು.

"ನಾನಿಲ್ದಿದ್ರೂ ಎಲ್ಲಾ ನಡೀತಲ್ಲೇ" ಎಂದರು ಮೆಲ್ಲಗೆ.

"ನಡೀತು. ಯಾಕೆ ನಡೆಯಲ್ಲ?" ಎಂದರು ಅತ್ತೆ, ದಿಂಬು ಸರಿಮಾಡುತ್ತ. "ಬ್ಯಾಂಕಿಗೆ ಒಂದು ದಾರಿ ಸಿಕ್ತು, ಆಸ್ಪತ್ರೆಗೆ ಒಂದು ದಾರಿ ಸಿಕ್ತು. ದಿನಾ ಸಾಯಂಕಾಲ ಮನೆಗೆ ಬಂದು ಬೀಗ ತೆಗೆದ್ರೆ, ಒಳಗೆ ನೀವಿಲ್ಲ. ಅದಕ್ಕೆ ಮಾತ್ರ ಇನ್ನೊಂದು ದಾರಿ ಎಲ್ಲೂ ಸಿಗ್ಲಿಲ್ಲ ರೀ."

ಎಲ್ಲಕ್ಕೂ ಉತ್ತರವಿದ್ದ ನಮ್ಮ ಮಾವ ಕೈ ಚಾಚಿ ಅತ್ತೆಯ ಕೈ ಹಿಡಿದುಕೊಂಡರು. ಹಾಡಹಗಲಿನಲ್ಲಿ, ನನ್ನೆದುರಿಗೇ! ನಾನು ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಮನಸಾರೆ ಅತ್ತುಬಿಟ್ಟೆ.