ಕೂಡಿಸಿದರೆ ಗುಣಾಕಾರ

ಪಾವ್ಲಾಕ್ ಮೇಷ್ಟ್ರ ತಲೆಯ ಮೇಲಿನ ಮನೆಯಲ್ಲಿದ್ದ ಡೊಲೋರೆಸ್ ಸಾಬೋ ಎಂಬ ಮುದುಕಿಗೆ ಆಕೆಯ ಅಳಿಯ ಒಂದು ಹೊಸ ಏ.ಸಿ. ತಂದು ಕಿಟಕಿಗೆ ಕೂರಿಸಿ ಹೋದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಅವನು ಕೂರಿಸಿದ್ದು ಭಾನುವಾರ ಸಂಜೆ. ಸೋಮವಾರ ಬೆಳಿಗ್ಗೆ ಮೇಷ್ಟ್ರು ಕಣ್ಣು ಬಿಡುವ ಮೊದಲೇ ಅವರ ಹಲ್ಲುಗಳು ಕಟಕಟನೆ ಕಡಿಯತೊಡಗಿದ್ದವು.

ಸದ್ದು ದೊಡ್ಡದೇನಲ್ಲ. ಆದರೆ ಅದು ಸುಮ್ಮನೆ ಒಂದೇ ಸಮ ಇರುವ ಸದ್ದೂ ಅಲ್ಲ. ಊಂ ಎಂದು ಏರುತ್ತಿತ್ತು, ಇಳಿಯುತ್ತಿತ್ತು, ಸದ್ಯ ಸತ್ತಿತು ಎಂದು ಮೇಷ್ಟ್ರು ಉಸಿರು ಬಿಡುವಷ್ಟರಲ್ಲಿ ಮತ್ತೆ ಏರುತ್ತಿತ್ತು. ಹೊಟ್ಟೆಯುಬ್ಬರಿಸಿದ ಎತ್ತೊಂದು ಗೋಡೆಯೊಳಗೆ ಮಲಗಿ ನರಳುತ್ತಿದ್ದ ಹಾಗೆ. ಗೋಡೆ, ನೆಲ, ಹಾಸಿಗೆ, ಕೊನೆಗೆ ಕಾಫಿ ಲೋಟದೊಳಗಿನ ಕಾಫಿ ಕೂಡ ಅದರ ತಾಳಕ್ಕೆ ನಡುಗುತ್ತಿತ್ತು.

ಬೇರೆ ದಿನವಾಗಿದ್ದರೆ ಮೇಷ್ಟ್ರು ಬೈದುಕೊಂಡು ಹೊರಗೆ ಹೋಗಿಬಿಡುತ್ತಿದ್ದರೋ ಏನೋ. ಅವತ್ತು ಹೋಗುವ ಹಾಗಿರಲಿಲ್ಲ. ವೆಂಡೆಲ್ ಪಾವ್ಲಾಕ್ ಅಮೆರಿಕದ ಟೊಲೀಡೊ ಊರಿನ ಒಂದು ಕಾಲೇಜಿನಲ್ಲಿ ತಲೆಗೂದಲು ಕಪ್ಪಗಿದ್ದಾಗಿನಿಂದ ತ್ರಿಕೋನಮಿತಿ ಹೇಳಿಕೊಡುತ್ತಿದ್ದವರು. ಆದರೆ ಅರೆಕಾಲಿಕ. ಪ್ರತಿ ಅವಧಿಗೂ ಹೊಸದಾಗಿ ಕರೆಯಬೇಕು, ಕರೆದರೆ ಪಾಠ, ಕರೆಯದಿದ್ದರೆ ಇಲ್ಲ. ಕೂರಲು ಕೋಣೆಯಿಲ್ಲ. ಮಕ್ಕಳು ಅನುಮಾನ ಕೇಳಲು ಬಂದರೆ ಕೋಕ್ ಯಂತ್ರದ ಪಕ್ಕ ನಿಂತು ಉತ್ತರ ಹೇಳಬೇಕು. ಅವರ ಕೈಕೆಳಗೆ ಕಲಿತ ಹುಡುಗರು ಖಾಯಂ ಆಗಿ, ಬಾಗಿಲಿಗೆ ಹೆಸರು ಹಾಕಿಸಿಕೊಂಡು, ಅವರನ್ನೇ 'ಏನ್ ವೆಂಡೆಲ್, ಇನ್ನೂ ಇದ್ದೀರಾ' ಎಂದು ಮಾತಾಡಿಸುತ್ತಿದ್ದರು. ಇಷ್ಟು ವರ್ಷದ ಮೇಲೆ ಒಂದು ಖಾಯಂ ಹುದ್ದೆ ಖಾಲಿಯಾಗಿ, ಅವರನ್ನು ಸಂದರ್ಶನಕ್ಕೆ ಕರೆದಿದ್ದರು. ಬೇಸಿಗೆ ರಜೆಯಾದ್ದರಿಂದ ಸಮಿತಿಯವರೆಲ್ಲ ಒಬ್ಬೊಬ್ಬರು ಒಂದೊಂದು ಕೆರೆಯ ದಂಡೆಯಲ್ಲಿದ್ದರು. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ಕಂಪ್ಯೂಟರಿನ ಮೂಲಕವೇ ಮಾದರಿ ಪಾಠ. ವಿಷಯವನ್ನೂ ಅವರೇ ಕೊಟ್ಟಿದ್ದರು: ಸೈನು ಕೊಸೈನುಗಳ ಮೊತ್ತವನ್ನು ಗುಣಲಬ್ಧವಾಗಿಸುವುದು, ಗುಣಲಬ್ಧವನ್ನು ಮೊತ್ತವಾಗಿಸುವುದು. ಮೇಷ್ಟ್ರು ನಿದ್ದೆಯಲ್ಲೂ ಹೇಳಬಲ್ಲ ಪಾಠ. ನಿದ್ದೆ ಮಾತ್ರ ಇರಲಿಲ್ಲ.

ಅವರು ದಡದಡನೆ ಮೆಟ್ಟಿಲು ಹತ್ತಿ ಡೊಲೋರೆಸ್ ಬಾಗಿಲು ಬಡಿದರು. ಶಾಲೆಯ ಅಡುಗೆಮನೆಯಲ್ಲಿ ಜೀವಮಾನವೆಲ್ಲ ಸೌಟು ಹಿಡಿದ ಕೈ ಡೊಲೋರೆಸ್ ಅವರದು. ಬಾಗಿಲು ತೆಗೆದವರೇ ಮೇಷ್ಟ್ರ ತೋಳು ಹಿಡಿದು ಒಳಗೆಳೆದು ಏ.ಸಿ. ಮುಂದೆ ಕೂರಿಸಿದರು. ಎಲ್ಲಿದೆ ಸದ್ದು, ಕೇಳಿ ಎಂದರು. ಮೇಷ್ಟ್ರು ಕೇಳಿದರು. ಹೊಸ ಯಂತ್ರ ಜೇನುನೊಣದ ಹಾಗೆ ಒಂದೇ ಸಮ ಗುಂಯ್‌ಗುಡುತ್ತಿತ್ತು. ಏರಿಲ್ಲ, ಇಳಿತವಿಲ್ಲ. ಡೊಲೋರೆಸ್ ಅವರ ಕೈಗೆ ಗಸಗಸೆ ತುಂಬಿ ಸುರುಳಿ ಸುತ್ತಿ ಬೇಯಿಸಿದ ಸಿಹಿ ರೋಲ್‌ನ ಒಂದು ತುಂಡು ಇಟ್ಟು, ಇದೆಲ್ಲ ಕೆಳಗಿನ ಮನೆಯ ಕ್ಲೈಡ್ ಬೋಮನ್‌ನ ಹಳೇ ಡಬ್ಬದ ಕೆಲಸ ಎಂದು ತೀರ್ಪು ಕೊಟ್ಟರು. ಆ ಮನುಷ್ಯ ಇವರ ಹೂಕುಂಡದ ನೀರು ತನ್ನ ಕಿಟಕಿಗೆ ತೊಟ್ಟಿಕ್ಕುತ್ತದೆಂದು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮೇಷ್ಟ್ರು ರೋಲ್ ಕೈಯಲ್ಲಿ ಹಿಡಿದೇ ಎರಡು ಮಹಡಿ ಇಳಿದರು. ಗಾಜಿನ ಕಾರ್ಖಾನೆಯಿಂದ ನಿವೃತ್ತನಾದ ಕ್ಲೈಡ್ ಬನಿಯನ್ನಿನಲ್ಲಿ ಕೂತು ಬೇಸ್‌ಬಾಲ್ ಕೇಳುತ್ತಿದ್ದ. ಅವನ ಏ.ಸಿ. ತುಕ್ಕು ಹಿಡಿದ ದೊಡ್ಡ ಪೆಟ್ಟಿಗೆ, ಆದರೆ ಅದೂ ಒಂದೇ ಸಮ ಗೊರಗುಟ್ಟುತ್ತಿತ್ತು. ಏರಿಲ್ಲ, ಇಳಿತವಿಲ್ಲ.

"ಮೇಷ್ಟ್ರೇ, ಇದು ನಿಮಗಿಂತ ಮುಂಚಿನಿಂದ ಈ ಮನೆಯಲ್ಲಿದೆ," ಎಂದ ಕ್ಲೈಡ್. "ನಿನ್ನೆವರೆಗೂ ಇಲ್ಲದ ಸದ್ದು ಇವತ್ತು ಇದರಿಂದ ಬರುತ್ತಾ? ಆ ಯಮ್ಮಂಗೆ ಹೇಳಿ. ಅಂದಹಾಗೆ ಆ ರೋಲ್ ತಿಂತೀರಾ, ಇಲ್ಲ ಸುಮ್ಮನೆ ಹಿಡ್ಕೊಂಡಿದ್ದೀರಾ?"

ರೋಲ್ ಅಲ್ಲೇ ಬಿಟ್ಟು ಮೇಷ್ಟ್ರು ಮೇಲೆ ಬಂದರು. ಅವರ ಮನೆಯಲ್ಲಿ ಎತ್ತು ನರಳುತ್ತಲೇ ಇತ್ತು.

ಮೆಟ್ಟಿಲ ಮೇಲೆಯೇ ಅವರಿಗೆ ವಿಷಯ ಹೊಳೆದಿತ್ತು. ಹೊಳೆದದ್ದರಿಂದ ಸಿಟ್ಟು ಇಮ್ಮಡಿಯಾಯಿತು. ಎರಡು ಯಂತ್ರಗಳ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಎರಡು ಸದ್ದುಗಳು ಸೇರುವುದು ನಡುವಿನ ಮನೆಯಲ್ಲಿ, ಅಂದರೆ ತಮ್ಮ ಮನೆಯಲ್ಲಿ. ಮೇಲಿನವರಿಗೆ ಮೇಲಿನದು ಮಾತ್ರ, ಕೆಳಗಿನವರಿಗೆ ಕೆಳಗಿನದು ಮಾತ್ರ. ಇಬ್ಬರೂ ನಿರಪರಾಧಿಗಳು, ಶಿಕ್ಷೆ ಮಾತ್ರ ಮೂರನೆಯವನಿಗೆ.

ಎರಡರಲ್ಲಿ ಒಂದನ್ನು ಕೆಲಹೊತ್ತು ಆರಿಸಿದರೆ ಸಾಕಿತ್ತು. ಆದರೆ ಆಗಸ್ಟ್ ತಿಂಗಳ ಸೆಕೆಯಲ್ಲಿ, ಟೊಲೀಡೊದಲ್ಲಿ ಯಾರು ಆರಿಸುತ್ತಾರೆ? ಮೇಷ್ಟ್ರು ಮತ್ತೆ ಮೇಲೆ ಹೋಗಿ ಕೇಳಿದರು. ಮೊದಲು ಅವನು ಆರಿಸಲಿ ಎಂದರು ಡೊಲೋರೆಸ್. ಕೆಳಗೆ ಹೋಗಿ ಕೇಳಿದರು. ಮೊದಲು ಅವಳು ಆರಿಸಲಿ ಎಂದ ಕ್ಲೈಡ್. ಕೋರ್ಟಿನ ಜವಾನನ ಹಾಗೆ ಹತ್ತಿ ಇಳಿದು ಮಂಡಿ ನೋವು ಬಂದಾಗ ಮೇಷ್ಟ್ರ ಬಾಯಿ ಸಡಿಲಾಯಿತು. ಡೊಲೋರೆಸ್ ನಿನ್ನ ಯಂತ್ರವನ್ನು ಹಳೇ ಡಬ್ಬ ಎಂದರು ಎಂದು ಕ್ಲೈಡ್‌ಗೆ ಹೇಳಿಬಿಟ್ಟರು. ಕ್ಲೈಡ್ ನಿಮ್ಮನ್ನು 'ಆ ಯಮ್ಮ' ಎಂದ ಎಂದು ಡೊಲೋರೆಸ್‌ಗೆ ಹೇಳಿಬಿಟ್ಟರು. ಎರಡೂ ನಿಜವೇ. ನಿಜ ಹೇಳಿದ್ದರಿಂದ ಯಾವ ಯಂತ್ರವೂ ನಿಲ್ಲಲಿಲ್ಲ, ಅಷ್ಟೆ.

ಕಂಪ್ಯೂಟರ್ ಎತ್ತಿಕೊಂಡು ಬೇರೆ ಕಡೆ ಹೋಗೋಣವೆಂದರೆ ಲೈಬ್ರರಿಯಲ್ಲಿ ಅವತ್ತು ಮಕ್ಕಳ ಬೊಂಬೆಯಾಟ. ನೆಲಮಾಳಿಗೆಯಲ್ಲಿ ಯಾರದೋ ಬೂಟುಗಳು ಬಟ್ಟೆ ಒಣಗಿಸುವ ಯಂತ್ರದೊಳಗೆ ದಬದಬ ಸುತ್ತುತ್ತಿದ್ದವು. ಬಟ್ಟೆ ಬೀರುವಿನೊಳಗೆ ಕೂತು ಪ್ರಯತ್ನಿಸಿದರು. ಚಳಿಗಾಲದ ಕೋಟುಗಳೆಲ್ಲ ಕೋಲಿನ ಸಮೇತ ತಲೆಯ ಮೇಲೆ ಬಿದ್ದವು. ಕೊನೆಗೆ ಗೋಡೆಗೆಲ್ಲ ಕಂಬಳಿ ಹೊಡೆದು, ಬಿಸಿಗೆ ಬೇಯದಿರಲೆಂದು ಮುಂಬಾಗಿಲು ತೆರೆದಿಟ್ಟು, ಬೆವರಿನಲ್ಲಿ ಅದ್ದಿ ತೆಗೆದ ಬಟ್ಟೆಯಂತೆ ಕಂಪ್ಯೂಟರಿನ ಮುಂದೆ ಕೂತರು.

ಎರಡು ಗಂಟೆಗೆ ಪರದೆಯ ಮೇಲೆ ಮೂರು ಮುಖಗಳು ಮೂಡಿದವು. ನಡುವೆ ಸಮಿತಿಯ ಮುಖ್ಯಸ್ಥೆ ಲೊರೇನ್ ಆಸ್ಗುಡ್. ಬಿಳಿ ಹಲಗೆಯ ಮೇಲೆ ಮೇಷ್ಟ್ರು ಮೊದಲ ಸಾಲು ಬರೆದರು: ಸೈನ್ A ಕೂಡಿಸು ಸೈನ್ B. ಅಷ್ಟರಲ್ಲಿ ಲೊರೇನ್ ಕತ್ತು ಓರೆ ಮಾಡಿ, ಅದೇನೋ ಏರಿಳಿಯುವ ಸದ್ದು ಬರುತ್ತಿದೆಯಲ್ಲ ಎಂದು ವಿಚಾರಿಸಿದರು. ಮೇಷ್ಟ್ರು ಹಲ್ಲು ಕಚ್ಚಿ, ಅದು ನೆರೆಹೊರೆ ಎಂದರು. ಮಾತು ಬಾಯಲ್ಲಿರುವಾಗಲೇ ನೆರೆಹೊರೆ ಒಳಗೆ ಬಂತು.

ಮೆಟ್ಟಿಲ ಮೇಲೆ ಶುರುವಾದ ಜಗಳ ಅದು. ಡೊಲೋರೆಸ್ ಕೈಯಲ್ಲಿ ಲಟ್ಟಣಿಗೆ, ಕ್ಲೈಡ್ ಮೈಮೇಲೆ ಬನಿಯನ್ನು. ಯಾರನ್ನು ಯಮ್ಮ ಅಂದೆ ಎಂದು ಅವರು, ಯಾವುದನ್ನು ಡಬ್ಬ ಅಂದಿರಿ ಎಂದು ಇವನು. ಮಾತಿಗೆ ಹೂಕುಂಡದ ನೀರು ಬಂತು, ಡೊಲೋರೆಸ್ ಅವರ ಸತ್ತ ಗಂಡ ಬಂದ, ಯಾವುದೋ ಕ್ರಿಸ್ಮಸ್ಸಿಗೆ ಕೊಡದೆ ಉಳಿದ ಕೇಕ್ ಬಂತು. ಆಮೇಲೆ ಇಬ್ಬರಿಗೂ ಒಟ್ಟಿಗೇ ಅರಿವಾಯಿತು, ಇಬ್ಬರಿಗೂ ಚಾಡಿ ಹೇಳಿದವನು ಎದುರಿಗೇ ನಿಂತಿದ್ದಾನೆ ಎಂದು. ಇಬ್ಬರೂ ಮೇಷ್ಟ್ರ ಕಡೆ ತಿರುಗಿದರು.

"ಸುಮ್ಮನೆ ಹೇಳಿ ಮೇಷ್ಟ್ರೇ," ಎಂದ ಕ್ಲೈಡ್. "ಈ ಸದ್ದು ಅವರದೋ, ನಂದೋ?"

ಬೆಳಗ್ಗಿನಿಂದ, ಅಲ್ಲ, ಕೋಕ್ ಯಂತ್ರದ ಪಕ್ಕ ನಿಂತ ಮೊದಲ ದಿನದಿಂದ ಒಳಗೆ ಕುದಿಯುತ್ತಿದ್ದುದೆಲ್ಲ ಮೇಷ್ಟ್ರ ಬಾಯಿಗೆ ಬಂತು. ಪರದೆ, ಸಮಿತಿ, ಹುದ್ದೆ ಎಲ್ಲ ಮರೆತುಹೋದವು. ಕ್ಲೈಡ್‌ನನ್ನು ಕತ್ತು ಹಿಡಿದು ದಬ್ಬಿದಂತೆ ಕೆಳಗೆ ಕಳಿಸಿ ಯಂತ್ರ ಆರಿಸು ಎಂದು ಅಬ್ಬರಿಸಿದರು. ಅವನು ಆರಿಸಿದ. ನರಳಾಟ ನಿಂತು ಮೇಲಿನ ಗುಂಯ್‌ಗುಟ್ಟುವಿಕೆ ಮಾತ್ರ ಉಳಿಯಿತು. ನೋಡಿದಿರಾ, ನನ್ನದಲ್ಲ ಎಂದು ಡೊಲೋರೆಸ್ ಲಟ್ಟಣಿಗೆ ಎತ್ತಿದರು. ಮೇಷ್ಟ್ರು ಕ್ಲೈಡ್‌ನ ಯಂತ್ರವನ್ನು ಮತ್ತೆ ಹಚ್ಚಿಸಿ, ಡೊಲೋರೆಸ್ ಅವರನ್ನು ಮೇಲೆ ಅಟ್ಟಿ ಅವರದ್ದನ್ನು ಆರಿಸಲು ಹೇಳಿದರು. ಆಗಲೂ ನರಳಾಟ ನಿಂತಿತು, ಕೆಳಗಿನ ಗೊರಗೊರ ಉಳಿಯಿತು. ಈಗ ವಾಪಸ್ ಬಂದ ಕ್ಲೈಡ್ ಗೆದ್ದವನಂತೆ ಸೊಂಟದ ಮೇಲೆ ಕೈಯಿಟ್ಟ. ಎರಡೂ ಓಡಿದಾಗ ಎತ್ತು ಮತ್ತೆ ಎದ್ದಿತು.

"ಅವರದೂ ಅಲ್ಲ, ನಿಂದೂ ಅಲ್ಲ," ಎಂದು ಮೇಷ್ಟ್ರು ಸೂತ್ರದ ಉಳಿದರ್ಧವನ್ನೂ ಗೀಚಿ ಹಲಗೆಗೆ ಗುದ್ದಿದರು. "ಒಬ್ಬೊಬ್ಬರೇ ಇದ್ದರೆ ಇಬ್ಬರೂ ಸಂಭಾವಿತರು. ಕೂಡಿಸಿದರೆ ನೀವು ಮೊತ್ತವಾಗಲ್ಲ, ಗುಣಾಕಾರ ಆಗ್ತೀರ. ಇಲ್ಲಿ ನೋಡಿ. ಈ ಕಡೆ ಎರಡು ಸೈನುಗಳ ಮೊತ್ತ, ಅಂದರೆ ನೀವಿಬ್ಬರು. ಆ ಕಡೆ ಗುಣಲಬ್ಧ. ನಿಮ್ಮಿಬ್ಬರ ಸರಾಸರಿ ಸದ್ದು ಒಂದು, ಅದನ್ನು ಗುಣಿಸೋದು ನಿಮ್ಮಿಬ್ಬರ ವ್ಯತ್ಯಾಸದ ಅರ್ಧದ ಕೊಸೈನು. ಆ ವ್ಯತ್ಯಾಸವೇ ಅದನ್ನು ಹಿಡಿದು ಏರಿಸೋದು, ಇಳಿಸೋದು. ಎರಡೂ ಕಡೆ ಒಂದೇ ಬೆಲೆ. ನಿಮಗೆ ಈ ಕಡೆಯದು ಕೇಳುತ್ತೆ, ನನ್ನ ಹಣೆಬರಹಕ್ಕೆ ಆ ಕಡೆಯದು."

ಡೊಲೋರೆಸ್ ಲಟ್ಟಣಿಗೆಯಿಂದ ಹಲಗೆಯ ಎಡಭಾಗ, ಬಲಭಾಗ ಎರಡನ್ನೂ ಮುಟ್ಟಿ ನೋಡಿದರು. ಸದ್ದಿನ ಏರಿಳಿತ ಎಣಿಸಿ ಇಬ್ಬರಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಹೇಳಬಹುದೇ ಎಂದು ಕೇಳಿದರು. ಹೇಳಬಹುದು, ಅದನ್ನೇ ಗುಣಲಬ್ಧದಿಂದ ಮೊತ್ತಕ್ಕೆ ವಾಪಸ್ ಬರೋದು ಅನ್ನುತ್ತಾರೆ ಎಂದು ಮೇಷ್ಟ್ರು ಬೈದಂತೆ ಹೇಳಿ ಅದನ್ನೂ ಬರೆದರು. ಕ್ಲೈಡ್ ಗಡ್ಡ ಕೆರೆದುಕೊಂಡ. ವ್ಯತ್ಯಾಸವೇ ಇಲ್ಲದಿದ್ದರೆ ಏನಾಗುತ್ತೆ ಎಂದು ಕೇಳಿದ. ವ್ಯತ್ಯಾಸ ಸೊನ್ನೆಯಾದರೆ ಏರಿಳಿತವೇ ಇಲ್ಲ, ಇಬ್ಬರದೂ ಒಂದೇ ದನಿಯಾಗಿ ಬಿಡುತ್ತೆ, ಆ ಪುಣ್ಯ ನಿಮಗೆ ಈ ಜನ್ಮದಲ್ಲಿ ಇಲ್ಲ ಎಂದು ಮೇಷ್ಟ್ರು ಕೈಯಲ್ಲಿದ್ದ ಮಾರ್ಕರನ್ನು ನೆಲಕ್ಕೆ ಎಸೆದರು.

ಆಗ ಪರದೆ ನೆನಪಾಯಿತು. ಮೂರೂ ಮುಖಗಳು ಬಾಯಿ ತೆರೆದು ಕೂತಿದ್ದವು. ಲೊರೇನ್ ಆಸ್ಗುಡ್ ಗಂಟಲು ಸರಿಮಾಡಿಕೊಂಡು, ಧನ್ಯವಾದ, ನಿರ್ಧಾರವನ್ನು ತಿಳಿಸುತ್ತೇವೆ ಎಂದರು. ಪರದೆ ಕಪ್ಪಾಯಿತು.

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಇಬ್ಬರಿಗೂ ಆಗಲೇ ಗೊತ್ತಾದದ್ದು, ತಾವು ಯಾವ ಹೊತ್ತಿನಲ್ಲಿ ಒಳಗೆ ನುಗ್ಗಿದೆವು ಎಂದು. "ವೆಂಡೆಲ್, ನೋಡಪ್ಪಾ," ಎಂದು ಡೊಲೋರೆಸ್ ಏನೋ ಹೇಳಹೊರಟರು. ದಯವಿಟ್ಟು ಹೋಗಿ, ಇಬ್ಬರೂ ಹೋಗಿ, ಇನ್ನು ನಿಮ್ಮ ಮುಖ ತೋರಿಸಬೇಡಿ ಎಂದರು ಮೇಷ್ಟ್ರು. ಇಬ್ಬರೂ ತಲೆ ತಗ್ಗಿಸಿ ಒಂದೇ ಬಾಗಿಲಿನಲ್ಲಿ, ನೀವು ಮೊದಲು ನೀವು ಮೊದಲು ಎನ್ನುತ್ತಾ ಹೊರಗೆ ಹೋದರು.

ಸ್ವಲ್ಪ ಹೊತ್ತಿಗೆ ನರಳಾಟ ನಿಂತಿತು. ಮತ್ತೆ ಏಳಲಿಲ್ಲ. ಬೇಕಾಗಿದ್ದಾಗ ಬಾರದ ನೆಮ್ಮದಿ ಈಗ ಬಂದು ಎದುರಿಗೆ ಕಾಲು ಚಾಚಿ ಕೂತಿದೆಯಲ್ಲ ಎಂದು ಮೇಷ್ಟ್ರಿಗೆ ಅದರ ಮೇಲೂ ಸಿಟ್ಟು ಬಂತು. ಕಂಬಳಿಗಳನ್ನು ಗೋಡೆಯಿಂದ ಕಿತ್ತು ಒದ್ದರು.

ಸಂಜೆ ಫೋನ್ ಬಂತು. ಲೊರೇನ್ ಆಸ್ಗುಡ್.

ಇಷ್ಟು ವರ್ಷದಲ್ಲಿ ಇಂಥ ಪಾಠ ನೋಡಿಲ್ಲ ಎಂದರು ಆಕೆ. ಸಮಿತಿಯಲ್ಲಿ ಒಬ್ಬರ ಕಣ್ಣಲ್ಲಿ ನೀರು ಬಂತಂತೆ. ಆ ಸದ್ದನ್ನು ಅಷ್ಟು ಕರಾರುವಾಕ್ಕಾಗಿ ಹೇಗೆ ಏರ್ಪಡಿಸಿದಿರಿ, ಆ ಮುದುಕ ಮುದುಕಿ ಯಾವ ನಾಟಕ ಮಂಡಳಿಯವರು, ಅವರು ಕೇಳಿದ ಪ್ರಶ್ನೆಗಳನ್ನು ನೀವೇ ಬರೆದುಕೊಟ್ಟಿರಾ ಎಂದೆಲ್ಲ ಕೇಳಿದರು. ಮೇಷ್ಟ್ರ ಬಾಯಿಂದ ಹ್ಞೂಂ ಎಂಬುದೊಂದೇ ಹೊರಟಿತು. ಹುದ್ದೆ ಹೆಚ್ಚು ಕಡಿಮೆ ನಿಮ್ಮದೇ ಎಂದರು ಲೊರೇನ್. ಮೇಷ್ಟ್ರು ಮೆಲ್ಲಗೆ, ತಮ್ಮ ಕೋಣೆ ಯಾವ ಮಹಡಿಯಲ್ಲಿ ಎಂದು ವಿಚಾರಿಸಿದರು.

"ಕೋಣೆ ಇಲ್ಲ, ವೆಂಡೆಲ್. ಇದು ಪೂರ್ತಿ ಕಂಪ್ಯೂಟರಿನ ಪಾಠ. ನಿಮ್ಮ ಮನೆಯೇ ಕಾಲೇಜು. ಇನ್ನೊಂದೇ ಮೆಟ್ಟಿಲು ಬಾಕಿ. ಗುರುವಾರ ಡೀನ್ ಕೂತು ನೋಡ್ತಾರೆ, ನೋಡಿ ಸಹಿ ಹಾಕ್ತಾರೆ. ಅದೇ ಪಾಠ, ಅದೇ ಸದ್ದು, ಅದೇ ಇಬ್ಬರು, ಅದೇ ಜಗಳ. ಏನೂ ಬದಲಾಯಿಸಬೇಡಿ. ಅವರಿಗೆ ನಾನು ಅಷ್ಟೊಂದು ಹೇಳಿಟ್ಟಿದ್ದೀನಿ."

ಮೇಷ್ಟ್ರು ಫೋನ್ ಇಟ್ಟರು. ಕೋಣೆಯಿಲ್ಲದ ಖಾಯಂ ಹುದ್ದೆಗೆ ಬೈಯಬೇಕೋ, ಸಿಕ್ಕಿತಲ್ಲ ಎಂದು ಕುಣಿಯಬೇಕೋ ತಿಳಿಯದೆ ಒಂದು ನಿಮಿಷ ನಿಂತರು. ಆಮೇಲೆ ಕಿವಿಗೊಟ್ಟರು. ಮೇಲಿನ ಗುಂಯ್‌ಗುಟ್ಟುವಿಕೆಯೊಂದೇ ಕೇಳುತ್ತಿತ್ತು, ಕೆಳಗಿನ ಗೊರಗೊರ ಇರಲಿಲ್ಲ. ಕೆಳಗೆ ಓಡಿ ಕ್ಲೈಡ್ ಬಾಗಿಲು ಬಡಿದರು. ಉತ್ತರವಿಲ್ಲ. ಮೇಲೆ ಓಡಿದರು.

ಡೊಲೋರೆಸ್ ಮನೆ ತಣ್ಣಗಿತ್ತು. ಕ್ಲೈಡ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಜಿಗೆ ಕೂತು ಇಸ್ಪೀಟ್ ಕಲೆಸುತ್ತಿದ್ದ. ಎದುರಿಗೆ ತಟ್ಟೆಯಲ್ಲಿ ಬಿಸಿ ರೋಲ್. ಮೇಷ್ಟ್ರನ್ನು ಕಂಡದ್ದೇ ಇಬ್ಬರೂ ಎದ್ದು ನಿಂತು, ಅಪರಾಧಿಗಳ ಹಾಗೆ ಮುಖ ಮಾಡಿ, ಕುರ್ಚಿ ಎಳೆದು ಕೊಟ್ಟರು.

"ನೀವು ಬೈದದ್ದು ನಾಟಿತು ಮೇಷ್ಟ್ರೇ," ಎಂದ ಕ್ಲೈಡ್. "ಇಷ್ಟು ವರ್ಷ ಸುಮ್ಮನೆ ಹೊಡೆದಾಡಿದ್ವಿ. ವ್ಯತ್ಯಾಸ ಸೊನ್ನೆ ಮಾಡ್ಕೊಂಡ್ವಿ. ಇನ್ನು ಸೆಕೆ ಆದಾಗ ನಾನು ಇಲ್ಲೇ ಬಂದು ಕೂರ್ತೀನಿ. ಒಂದೇ ಯಂತ್ರ, ಒಂದೇ ದನಿ."

ಮೇಷ್ಟ್ರು, ಅದೆಲ್ಲ ಸಂತೋಷ, ಆದರೆ ಗುರುವಾರ ಒಂದು ದಿನದ ಮಟ್ಟಿಗೆ ನಿನ್ನ ಹಳೆಯ ಯಂತ್ರವನ್ನು ಸ್ವಲ್ಪ ಓಡಿಸಲಾದೀತೇ, ಜೊತೆಗೆ ನೀವಿಬ್ಬರೂ ಸ್ವಲ್ಪ ಜಗಳವಾಡಲಾದೀತೇ ಎಂದು ಕೇಳಿದರು. ಮೇಷ್ಟ್ರ ಬುದ್ಧಿಗೆ ಪೆಟ್ಟಾಗಿದೆಯೆಂದು ಡೊಲೋರೆಸ್ ಅವರ ಹಣೆ ಮುಟ್ಟಿ ನೋಡಿದರು.

"ಅದನ್ನು ಗುಜರಿಯವನಿಗೆ ಕೊಟ್ಟುಬಿಟ್ವಿ, ಕಣಪ್ಪಾ," ಎಂದರು. "ನಿಂಗೆ ಅಷ್ಟೊಂದು ಹಿಂಸೆ ಕೊಟ್ಟಿದ್ದು ನಮ್ಮ ಕಣ್ಣೆದುರಿಗೆ ಇರಬಾರದು ಅಂತ. ಸುತ್ತಿಗೆ ತಗೊಂಡು ಇಲ್ಲೇ ಬೀದಿಯಲ್ಲೇ ಒಡೆದು ಲಾರಿಗೆ ಹಾಕ್ಕೊಂಡು ಹೋದ. ಇನ್ನು ಸಾಯೋವರೆಗೂ ನಿನ್ನ ಮನೇಲಿ ಆ ಸದ್ದು ಕೇಳಲ್ಲ. ಕೂತ್ಕೋ, ರೋಲ್ ತಿನ್ನು."

ಬೈಯಲು ಮೇಷ್ಟ್ರು ಬಾಯಿ ತೆರೆದರು. ಇಬ್ಬರೂ ಅವರತ್ತಲೇ ಅಷ್ಟು ಪ್ರೀತಿಯಿಂದ ನೋಡುತ್ತಿದ್ದರು. ಅವರು ತೆರೆದ ಬಾಯಿಗೆ ರೋಲ್ ಇಟ್ಟುಕೊಂಡು ಕೂತರು. ಕ್ಲೈಡ್ ಮೂರನೆಯ ಕೈಗೂ ಇಸ್ಪೀಟ್ ಎಲೆ ಹಂಚಿದ.